ಪರಿಗ್ರಹ ಪರಿಮಾಣವೂ ದಿನವಹಿ ಷೇರು ವ್ಯಾಪಾರವೂ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹ ಪರಿಮಾಣವು ಹೊರನೋಟಕ್ಕೆ ಎಲ್ಲಕ್ಕಿಂತ ಸುಲಭವಾದುದೆಂದು ತೋರುತ್ತದೆ. ಇಷ್ಟು ಹೊಲ, ಇಷ್ಟು ಮನೆ, ಇಷ್ಟು ಬೆಳ್ಳಿಬಂಗಾರ, ಇಷ್ಟು ಹಣ ಎಂದು ಎಣಿಕೆ ಮಾಡಿ, ಅದಕ್ಕೆ ಮೀರಿದುದು ತನಗೆ ಬೇಡವೆಂದು ಗುರುಸನ್ನಿಧಿಯಲ್ಲಿ ಸಂಕಲ್ಪಿಸಿದರೆ ವ್ರತಸ್ವೀಕಾರವಾದಂತೆ. ಸಾಧಾರಣ ಸ್ಥಿತಿಯ ಗೃಹಸ್ಥನು ತಾನು ಹಾಕಿಕೊಂಡ ಎಲ್ಲೆಯ ಹತ್ತಿರಕ್ಕೆ ಜೀವಮಾನದಲ್ಲಿ ಎಂದೂ ಹೋಗಲಾರನು. 50 ಲಕ್ಷ ರೂಪಾಯಿಗಳ ಪರಿಮಾಣ ಮಾಡಿಕೊಂಡವನ ಕೈಯಲ್ಲಿರುವುದು 50 ಸಾವಿರವಾದರೆ ವ್ರತಭಂಗದ ಭಯವಾದರೂ ಎಲ್ಲಿಂದ ಬರಬೇಕು?

ಈ ಪ್ರಶ್ನೆಯು ಈಚಿನ ವರ್ಷಗಳಲ್ಲಿ ಹೊಸ ವೇಷದಲ್ಲಿ ಮನೆಮನೆಗೂ ಬಂದಿದೆ. ಓದು ಮುಗಿಸಿ ಸಣ್ಣ ವೇತನಕ್ಕೆ ದುಡಿಯುವ ತರುಣನೂ, ಅಂಗಡಿಯ ವ್ಯಾಪಾರ ಕುಗ್ಗಿದ ನಡುವಯಸ್ಸಿನವನೂ ಕೂಡಿಟ್ಟ ಅಲ್ಪ ಹಣವನ್ನು ಹಿಡಿದು, ಕೈಯಲ್ಲಿರುವ ಮೊಬೈಲಿನ ಮೂಲಕವೇ ಬೆಳಿಗ್ಗೆ ಷೇರುಗಳನ್ನು ಕೊಂಡು ಅದೇ ದಿನ ಮಾರುವ ವ್ಯಾಪಾರಕ್ಕೆ ತೊಡಗುತ್ತಿದ್ದಾರೆ. ಡೇ ಟ್ರೇಡಿಂಗ್ ಎಂದು ಕರೆಯಲ್ಪಡುವ ಈ ದಿನವಹಿ ವ್ಯಾಪಾರವನ್ನು ಮನೆಯ ಹಿರಿಯರು ಜೂಜೆನ್ನುತ್ತಾರೆ, ಕಿರಿಯರು ವಾಣಿಜ್ಯವೆನ್ನುತ್ತಾರೆ. ಹಿರಿಯರ ಮಾತಿನಲ್ಲಿ ಅಜ್ಞಾನವಿದೆಯೆಂದು ಕಿರಿಯರಿಗೂ, ಕಿರಿಯರ ಮಾತಿನಲ್ಲಿ ಲೋಭವಿದೆಯೆಂದು ಹಿರಿಯರಿಗೂ ತೋರುವುದರಿಂದ, ವಿಚಾರವು ಮುಂದುವರಿಯದೆ ಮನಸ್ತಾಪ ಮಾತ್ರ ಬೆಳೆಯುತ್ತದೆ. ವ್ರತಿಯಾದ ಗೃಹಸ್ಥನು ಅಲ್ಪ ಬಂಡವಾಳದಿಂದ ಈ ವ್ಯವಹಾರಕ್ಕೆ ಇಳಿಯಬಹುದೆ? ಇಳಿದರೆ ಅವನ ವ್ರತಕ್ಕೆ ಬಾಧೆಯುಂಟೆ? ಇದನ್ನು ಆಗ್ರಹವಿಲ್ಲದೆ ಪರಿಶೀಲಿಸುವುದು ಯುಕ್ತ.

ವ್ಯವಹಾರದ ಸ್ವರೂಪ

ನಿರ್ಣಯಕ್ಕೆ ಮೊದಲು ವಸ್ತುಸ್ವರೂಪವನ್ನು ತಿಳಿಯಬೇಕು. ತಿಳಿಯದೆ ನಿಂದಿಸುವುದೂ ತಿಳಿಯದೆ ಮೆಚ್ಚುವುದೂ ಎರಡೂ ಪ್ರಮಾದವೇ.

ಷೇರೆಂಬುದು ಒಂದು ಕಂಪನಿಯ ಒಡೆತನದಲ್ಲಿ ಒಂದು ಸಣ್ಣ ಪಾಲು. ಅದನ್ನು ಕೊಂಡು ವರ್ಷಗಳ ಕಾಲ ಇಟ್ಟುಕೊಂಡವನು ಆ ಉದ್ಯಮದ ಏಳುಬೀಳುಗಳಿಗೆ ಭಾಗಿಯಾಗುತ್ತಾನೆ. ದಿನವಹಿ ವ್ಯಾಪಾರದಲ್ಲಿ ಹೀಗಲ್ಲ. ಭಾರತದ ಷೇರುಪೇಟೆಗಳು ಬೆಳಿಗ್ಗೆ 9 ಗಂಟೆ 15 ನಿಮಿಷಕ್ಕೆ ತೆರೆದು ಮಧ್ಯಾಹ್ನ 3 ಗಂಟೆ 30 ನಿಮಿಷಕ್ಕೆ ಮುಚ್ಚುತ್ತವೆ. ಈ ಅವಧಿಯೊಳಗೆ ಕೊಂಡುದನ್ನು ಮಾರಿ, ಇಲ್ಲವೆ ಮೊದಲು ಮಾರಿ ಬಳಿಕ ಕೊಂಡು, ಲೆಕ್ಕವನ್ನು ತೀರಿಸಿಬಿಡಬೇಕು. ಷೇರು ಇವನ ಖಾತೆಯಲ್ಲಿ ನೆಲೆಸುವುದಿಲ್ಲ. ಬೆಲೆಯ ಅಂತರವೊಂದೇ ಇವನ ಪಾಲಿಗೆ ಬರುವುದು ಅಥವಾ ಇವನ ಕೈಯಿಂದ ಹೋಗುವುದು. 1961ರ ಆದಾಯ ತೆರಿಗೆ ಕಾಯಿದೆಯ 43(5)ನೆಯ ಕಲಮು ಹೀಗೆ ವಸ್ತು ಕೈಬದಲಾಗದೆ ಲೆಕ್ಕ ತೀರುವ ವ್ಯವಹಾರವನ್ನು ಸಟ್ಟಾ ಸ್ವರೂಪದ್ದೆಂದೇ ವರ್ಗೀಕರಿಸಿತ್ತು. ಹಾಗೆಂದು ಅದು ಅಪರಾಧವಲ್ಲ. ಕಾನೂನಿನ ಒಪ್ಪಿಗೆಯುಳ್ಳದ್ದೇ ಆಗಿದೆ.

ಇನ್ನು ಅಲ್ಪ ಬಂಡವಾಳದ ವಿಷಯ. ಒಬ್ಬನ ಬಳಿ 50,000 ರೂಪಾಯಿಗಳಿವೆಯೆಂದು ಭಾವಿಸಬಹುದು. ಒಂದು ದಿನದಲ್ಲಿ ಷೇರಿನ ಬೆಲೆ ನೂರಕ್ಕೆ ಒಂದರಷ್ಟು ಏರಿದರೆ ಅವನಿಗೆ ದಕ್ಕುವುದು 500 ರೂಪಾಯಿ. ಇದು ಅವನಿಗೆ ಸಾಲದು; ಏಕೆಂದರೆ ಅವನು ಬಂದಿರುವುದು ತಿಂಗಳ ಖರ್ಚನ್ನು ಇದರಿಂದಲೇ ತೂಗಿಸಬೇಕೆಂದು. ಆಗ ದಲ್ಲಾಳಿ ಸಂಸ್ಥೆಯು ಆ ದಿನದ ಮಟ್ಟಿಗೆ ಎರವಲು ಬಲವನ್ನು ಒದಗಿಸುತ್ತದೆ. ಭಾರತೀಯ ಷೇರುಪತ್ರ ಮತ್ತು ವಿನಿಮಯ ಮಂಡಳಿ, ಅಂದರೆ ಸೆಬಿ, 2021ರ ಸೆಪ್ಟೆಂಬರ್ 1ರಿಂದ ಪೂರ್ಣವಾಗಿ ಜಾರಿಗೆ ತಂದ ನಿಯಮದಂತೆ ವ್ಯವಹಾರದ ಮೊತ್ತದಲ್ಲಿ ಕನಿಷ್ಠ ನೂರಕ್ಕೆ 20ರಷ್ಟು ಹಣ ವ್ಯಾಪಾರಿಯ ಕೈಯದಾಗಿರಬೇಕು. ಅಂದರೆ 50,000 ರೂಪಾಯಿಗಳಿರುವವನು ಗರಿಷ್ಠ 2,50,000 ರೂಪಾಯಿಗಳ ಷೇರು ಕೊಳ್ಳಬಲ್ಲನು. ಅದಕ್ಕೆ ಮುಂಚೆ ಇನ್ನೂ ಹೆಚ್ಚು ಪಟ್ಟು ಕೊಡುವವರಿದ್ದರು.

ಐದು ಪಟ್ಟು ಬಲವು ಐದು ಪಟ್ಟು ಲಾಭವನ್ನು ತರುವಂತೆಯೇ ಐದು ಪಟ್ಟು ನಷ್ಟವನ್ನೂ ತರುತ್ತದೆ. ಬೆಲೆಯು ನೂರಕ್ಕೆ ಎರಡರಷ್ಟು ವಿರುದ್ಧ ದಿಕ್ಕಿಗೆ ಸರಿದರೆ ನಷ್ಟ 5,000 ರೂಪಾಯಿ. ಅಸಲಿನ ಹತ್ತನೆಯ ಒಂದು ಭಾಗ ಕೆಲವು ನಿಮಿಷಗಳಲ್ಲಿ ಹೋದಂತಾಯಿತು. ಹೋದುದನ್ನು ತುಂಬಿಕೊಳ್ಳುವ ಲೆಕ್ಕವೂ ಸಮವಾದುದಲ್ಲ. ನೂರಕ್ಕೆ 20 ಕಳೆದುಕೊಂಡವನು ಉಳಿದ 80ರ ಮೇಲೆ ನೂರಕ್ಕೆ 25 ಗಳಿಸಿದರೆ ಮಾತ್ರ ಮೊದಲಿನ ಸ್ಥಳಕ್ಕೆ ಬರುತ್ತಾನೆ. ಅರ್ಧ ಕಳೆದುಕೊಂಡವನು ಉಳಿದುದನ್ನು ಇಮ್ಮಡಿಸಬೇಕಾಗುತ್ತದೆ.

ಇದರ ಮೇಲೆ ಪ್ರತಿ ವ್ಯವಹಾರಕ್ಕೂ ಸುಂಕವುಂಟು. ಒಂದು ಆದೇಶಕ್ಕೆ 20 ರೂಪಾಯಿಗಳಂತೆ ದಲ್ಲಾಳಿ, ಮಾರುವಾಗ ನೂರಕ್ಕೆ 0.025ರಷ್ಟು ಷೇರು ವಹಿವಾಟು ತೆರಿಗೆ, ಪೇಟೆಯ ಶುಲ್ಕ, ಮುದ್ರಾಂಕ ಶುಲ್ಕ, ಜಿಎಸ್‌ಟಿ ಎಲ್ಲವನ್ನೂ ಕೂಡಿಸಿದರೆ 2,50,000 ರೂಪಾಯಿಗಳ ಒಂದು ಕೊಳ್ಳುವಿಕೆ ಮತ್ತು ಮಾರುವಿಕೆಗೆ ಸುಮಾರು 130 ರೂಪಾಯಿ ತಗಲುತ್ತದೆ. ಕೇಳುವುದಕ್ಕೆ ಅಲ್ಪ. ಆದರೆ ದಿನಕ್ಕೆ ಎರಡು ಬಾರಿಯಂತೆ ವರ್ಷಕ್ಕೆ 240 ದಿನ ಮಾಡಿದವನು ಕೊಡಬೇಕಾದ ಸುಂಕ 62,400 ರೂಪಾಯಿ. ಅವನ ಅಸಲೇ 50,000. ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ಸಮಬುದ್ಧಿಯಿಂದ ವ್ಯವಹರಿಸಿದರೂ ಅವನ ಅಸಲು ವರ್ಷ ತುಂಬುವ ಮೊದಲೇ ಕರಗಿಹೋಗುತ್ತದೆ.

ಅನುಭವವೂ ಇದನ್ನೇ ಹೇಳುತ್ತದೆ. ಸೆಬಿಯು 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022-23ರಲ್ಲಿ ಷೇರುಗಳ ದಿನವಹಿ ವ್ಯಾಪಾರ ಮಾಡಿದ ವ್ಯಕ್ತಿಗಳಲ್ಲಿ ಹತ್ತರಲ್ಲಿ ಏಳು ಮಂದಿ ನಷ್ಟ ಹೊಂದಿದರು. ವರ್ಷಕ್ಕೆ 500ಕ್ಕಿಂತ ಹೆಚ್ಚು ವ್ಯವಹಾರ ಮಾಡಿದವರಲ್ಲಿ ಈ ಪ್ರಮಾಣ ನೂರಕ್ಕೆ 80ಕ್ಕೆ ಏರಿತ್ತು. ದಿನವಹಿ ವ್ಯಾಪಾರಿಗಳಲ್ಲಿ 30 ವರ್ಷಕ್ಕಿಂತ ಕಿರಿಯರ ಪಾಲು 2018-19ರಲ್ಲಿ ನೂರಕ್ಕೆ 18 ಇದ್ದುದು 2022-23ರಲ್ಲಿ 48 ಆಗಿತ್ತು. ಅಲ್ಪ ಹಣದವರನ್ನು ಇನ್ನೂ ಹೆಚ್ಚಾಗಿ ಸೆಳೆಯುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರದಲ್ಲಂತೂ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ನೂರಕ್ಕೆ 93 ಮಂದಿ ವ್ಯಕ್ತಿಗಳು ನಷ್ಟಕ್ಕೊಳಗಾದರೆಂದು ಅದೇ ಮಂಡಳಿ 2024ರ ಸೆಪ್ಟೆಂಬರಿನಲ್ಲಿ ತಿಳಿಸಿತು.

ಎಣಿಕೆಯ ಎಲ್ಲೆ, ಇಚ್ಛೆಯ ಎಲ್ಲೆ

ಆದರೆ ನಷ್ಟವಾಗುತ್ತದೆಂಬ ಮಾತ್ರಕ್ಕೆ ಒಂದು ಕೆಲಸ ಅಧರ್ಮವಾಗಲಾರದು. ಮಳೆ ಕೈಕೊಟ್ಟ ಒಕ್ಕಲಿಗನಿಗೂ ನಷ್ಟವಾಗುತ್ತದೆ. ಧರ್ಮದ ಪ್ರಶ್ನೆ ಬೇರೆ. ಅದನ್ನು ಅರಿಯಲು ಈ ವ್ರತದ ಅತಿಚಾರಗಳನ್ನು ಇಬ್ಬರು ಆಚಾರ್ಯರು ಹೇಳಿದ ಬಗೆಯನ್ನು ಹೋಲಿಸಿ ನೋಡಬೇಕು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹೊಲ ಮನೆ, ಬೆಳ್ಳಿ ಬಂಗಾರ, ಧನ ಧಾನ್ಯ ಮೊದಲಾದವುಗಳ ಗೊತ್ತುಮಾಡಿಕೊಂಡ ಪ್ರಮಾಣವನ್ನು ಮೀರುವುದನ್ನೇ ಅತಿಚಾರಗಳೆಂದು ಎಣಿಸಿದರು. ಇದು ವಸ್ತುವಿನ ಅಳತೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬೇರೆ ಐದನ್ನು ಹೇಳಿದರು: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಇವುಗಳಲ್ಲಿ ಎಷ್ಟು ಇದೆಯೆಂಬ ಪ್ರಶ್ನೆಯೇ ಮುಖ್ಯವಲ್ಲ; ಇರುವುದನ್ನು ಯಾವ ಆವೇಶದಿಂದ ನಡೆಸುತ್ತಾನೆಂಬುದು ಪ್ರಶ್ನೆ. ಅದಕ್ಕನುಗುಣವಾಗಿ ಆ ಆಚಾರ್ಯರು ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ಉಮಾಸ್ವಾಮಿಗಳೂ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವನ್ನು ಹೇಳದೆ ಮೂರ್ಛೆಯನ್ನು, ಅಂದರೆ ಮಮತ್ವದಲ್ಲಿ ಮೈಮರೆಯುವುದನ್ನು ಹೇಳಿದುದರಿಂದ ಇಬ್ಬರಲ್ಲಿಯೂ ವಿರೋಧವಿಲ್ಲ. ಒಬ್ಬರು ಬೇಲಿಯನ್ನು ತೋರಿಸಿದರು. ಇನ್ನೊಬ್ಬರು ಬೇಲಿ ಹಾರುವ ಪಶುವನ್ನು ತೋರಿಸಿದರು.

ಇದಕ್ಕೆ ಗ್ರಂಥದಲ್ಲಿಯೇ ಸೂಚಿತವಾಗಿರುವ ಎರಡು ದೃಷ್ಟಾಂತಗಳು ಮನನಯೋಗ್ಯವಾಗಿವೆ. ಪರಿಗ್ರಹ ಪರಿಮಾಣವನ್ನು ಪಾಲಿಸಿ ಪೂಜಿತನಾದವನಾರು? ಜಯಕುಮಾರ, ಕುರುವಂಶದ ಅರಸು, ಭರತ ಚಕ್ರವರ್ತಿಯ ಸೇನಾನಿ. ಪರಿಗ್ರಹದ ಪಾಪಕ್ಕೆ ಉದಾಹರಣೆಯಾದವನಾರು? ಶ್ಮಶ್ರುನವನೀತನೆಂಬ ಬಡವ. ಟೀಕಾಕಾರರಾದ ಪ್ರಭಾಚಂದ್ರರು ಅವನ ಕಥೆಯನ್ನು ಹೇಳಿದ್ದಾರೆ. ಅಯೋಧ್ಯೆಯ ಶ್ರೇಷ್ಠಿಯ ಮಗನಾದ ಲುಬ್ಧದತ್ತನು ದೂರದೇಶದಲ್ಲಿ ವ್ಯಾಪಾರಮಾಡಿ ಗಳಿಸಿದುದನ್ನು ಕಳ್ಳರು ಕದ್ದೊಯ್ದರು. ಬರಿಗೈಯಲ್ಲಿ ಹಿಂದಿರುಗುವಾಗ ಗೋವಳರ ಬಳಿ ಮಜ್ಜಿಗೆ ಬೇಡಿ ಕುಡಿದನು. ಮೀಸೆಗೆ ಹತ್ತಿದ ಚೂರು ಬೆಣ್ಣೆಯನ್ನು ಕಂಡು, ಇದರಿಂದಲೇ ವ್ಯಾಪಾರ ಮಾಡುವೆನೆಂದು ದಿನವೂ ಹಾಗೆಯೇ ಕೂಡಿಸಿದನು. ಒಂದು ಪ್ರಸ್ಥದಷ್ಟು ತುಪ್ಪವಾದಾಗ, ಚಳಿಗಾಲದ ರಾತ್ರಿ ಹುಲ್ಲಿನ ಗುಡಿಸಲಿನಲ್ಲಿ ಕಾಲ ಬಳಿ ಬೆಂಕಿಯನ್ನೂ ತುಪ್ಪದ ಪಾತ್ರೆಯನ್ನೂ ಇಟ್ಟುಕೊಂಡು ಮಲಗಿ, ಈ ತುಪ್ಪದಿಂದ ಹಣ, ಹಣದಿಂದ ವ್ಯಾಪಾರ, ವ್ಯಾಪಾರದಿಂದ ರಾಜ್ಯ, ರಾಜ್ಯದಿಂದ ಚಕ್ರವರ್ತಿತ್ವ ಎಂದು ಎಣಿಸುತ್ತ ಹೋದನು. ಅರಮನೆಯಲ್ಲಿ ಸ್ತ್ರೀರತ್ನವು ತನ್ನ ಕಾಲೊತ್ತುತ್ತಿರುವಂತೆ ಭಾವಿಸಿ, ಒತ್ತಲು ಬಾರದೆಂದು ಸಲಿಗೆಯಿಂದ ಒದ್ದನು. ತುಪ್ಪವು ಬೆಂಕಿಗೆ ಚೆಲ್ಲಿ ಗುಡಿಸಲೂ ಅವನೂ ಸುಟ್ಟುಹೋದರು.

ಪರಿಗ್ರಹದ ಪಾಪಕ್ಕೆ ಹೆಸರಾಗಲು ಕೋಟಿಗಳ ಒಡೆಯನೇ ಬೇಕಾಗಲಿಲ್ಲ. ಒಂದು ಪ್ರಸ್ಥ ತುಪ್ಪವಿದ್ದವನು ಸಾಕಾದನು. ಅಲ್ಪ ಬಂಡವಾಳವು ಅಲ್ಪೇಚ್ಛೆಯ ಗುರುತಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಲುಬ್ಧದತ್ತನು ಕಳ್ಳತನ ಮಾಡಲಿಲ್ಲ, ಯಾರನ್ನೂ ವಂಚಿಸಲಿಲ್ಲ, ಕಷ್ಟಪಟ್ಟೇ ಕೂಡಿಸಿದನು. ಅವನ ದೋಷವೆಲ್ಲವೂ ಕೈಯಲ್ಲಿದ್ದುದಕ್ಕೂ ಮನಸ್ಸಿನಲ್ಲಿದ್ದುದಕ್ಕೂ ನಡುವಿನ ದೂರದಲ್ಲಿತ್ತು. 50,000 ರೂಪಾಯಿಗಳಿಂದ ತಿಂಗಳಿಗೆ 15,000 ಗಳಿಸಬೇಕೆನ್ನುವವನು ತಿಂಗಳಿಗೆ ನೂರಕ್ಕೆ 30ರ ಲಾಭವನ್ನು ಬಯಸುತ್ತಿದ್ದಾನೆ. ಅವನು ಬಡವನಿರಬಹುದು, ಅವನ ಇಚ್ಛೆ ಬಡವಾಗಿಲ್ಲ.

ಐದು ಅತಿಚಾರಗಳ ಕನ್ನಡಿ

ಅತಿವಾಹನವೆಂದರೆ ಎತ್ತುಗಳು ಸುಖವಾಗಿ ನಡೆಯಬಲ್ಲಷ್ಟು ದಾರಿಯನ್ನು ಮೀರಿ ಅವನ್ನು ನಡೆಸುವುದು. ಇಂದು ಮೊಬೈಲಿನ ಮುಂದೆ ಕುಳಿತವನ ಬಳಿ ಎತ್ತಿಲ್ಲ. ಆದರೆ ಒಂದು ವ್ಯವಹಾರ ಮುಗಿದೊಡನೆ ಇನ್ನೊಂದು, ಅದು ಮುಗಿದೊಡನೆ ಮತ್ತೊಂದು ಎಂದು ದಿನವಿಡೀ ಹೊಡೆಯಲ್ಪಡುವ ಪಶುವೆಂದರೆ ಅವನ ಮನಸ್ಸೇ. ವ್ಯವಹಾರಗಳ ಸಂಖ್ಯೆ ಹೆಚ್ಚಿದಂತೆ ನಷ್ಟ ಹೊಂದುವವರ ಪ್ರಮಾಣವೂ ಹೆಚ್ಚಿತೆಂಬ ಮೇಲಿನ ಅಂಕಿಯು ಅತಿವಾಹನದ ಫಲವನ್ನೇ ತೋರಿಸುತ್ತದೆ.

ಅತಿಸಂಗ್ರಹವೆಂದರೆ ಮುಂದೆ ವಿಶೇಷ ಲಾಭ ಬರುವುದೆಂದು ಧಾನ್ಯಾದಿಗಳನ್ನು ಮಿತಿಮೀರಿ ಕೂಡಿಹಾಕುವುದು. ಕೊಂಡ ಷೇರಿನ ಬೆಲೆ ಇಳಿಯುತ್ತಿರುವಾಗ, ಇನ್ನೇನು ಏರುವುದೆಂದು ಇಳಿದ ಬೆಲೆಯಲ್ಲಿ ಮತ್ತೆ ಮತ್ತೆ ಕೊಳ್ಳುವುದು ಇದೇ ಜಾತಿಯದು.

ವಿಸ್ಮಯವೆಂಬ ಅತಿಚಾರವನ್ನು ಪ್ರಭಾಚಂದ್ರರು ವಿವರಿಸಿರುವ ರೀತಿ ಆಶ್ಚರ್ಯಕರವಾಗಿದೆ. ತಕ್ಕ ಲಾಭಕ್ಕೇ ಮಾರಿದ ಮೇಲೆ, ಇಲ್ಲವೆ ತಾನು ಸಂಗ್ರಹಿಸದೆ ಬಿಟ್ಟ ವಸ್ತುವಿನಿಂದ ಇತರರಿಗೆ ಅಧಿಕ ಲಾಭ ಬಂದಾಗ ಪಡುವ ವಿಷಾದವೇ ವಿಸ್ಮಯ. 300 ರೂಪಾಯಿ ಲಾಭಕ್ಕೆ ಮಾರಿದವನು ಅರ್ಧ ಗಂಟೆಯ ಬಳಿಕ ಬೆಲೆ ಮತ್ತೂ ಏರಿದುದನ್ನು ಕಂಡು 2,000 ಕಳೆದುಕೊಂಡೆನೆಂದು ಸಂಕಟಪಡುತ್ತಾನೆ. ಕಳೆದುಕೊಂಡದ್ದು ಎಲ್ಲಿತ್ತು? ಎಂದೂ ತನ್ನದಾಗದಿದ್ದ ಹಣಕ್ಕೆ ದುಃಖಿಸುವ ಈ ಅತಿಚಾರಕ್ಕೆ ಬೆಲೆಯನ್ನು ಕ್ಷಣಕ್ಷಣವೂ ತೋರಿಸುವ ಯಂತ್ರದಷ್ಟು ಅನುಕೂಲವಾದ ಸಾಧನ ಹಿಂದೆ ಇರಲಿಲ್ಲ.

ಲೋಭವೆಂದರೆ ವಿಶೇಷ ಲಾಭ ದೊರೆತರೂ ಇನ್ನಷ್ಟನ್ನು ಬಯಸುವುದು. ಅತಿಭಾರವಹನವೆಂದರೆ ಹೊರಲಾರದಷ್ಟು ಹೇರುವುದು. 50,000ದ ಹೆಗಲಿನ ಮೇಲೆ 2,50,000ದ ಹೇರನ್ನು ಹೊರಿಸುವುದಕ್ಕೆ ಬೇರೆ ಹೆಸರು ಕೊಡುವುದು ಕಷ್ಟ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹೇರಳ ಧನವುಳ್ಳವನಿಗೆ ಈ ಅತಿಚಾರ ಅನಿವಾರ್ಯವಲ್ಲ. ತನ್ನದೇ ಹಣದಿಂದ ವ್ಯವಹರಿಸಬಲ್ಲನು. ಅಲ್ಪ ಬಂಡವಾಳದವನಿಗಾದರೋ ಹೇರದೆ ಉದ್ದೇಶವೇ ಕೈಗೂಡದು. ಆದಕಾರಣ ಅಲ್ಪ ಬಂಡವಾಳವು ಅವನನ್ನು ರಕ್ಷಿಸುವುದಿಲ್ಲ. ಅತಿಚಾರದ ಕಡೆಗೇ ತಳ್ಳುತ್ತದೆ. ಅಮೆರಿಕದಲ್ಲಿ ಸಾಲದ ಸೌಲಭ್ಯವುಳ್ಳ ಖಾತೆಯಿಂದ ಐದು ದಿನಗಳಲ್ಲಿ ನಾಲ್ಕು ಅಥವಾ ಹೆಚ್ಚು ಬಾರಿ ದಿನವಹಿ ವ್ಯಾಪಾರ ಮಾಡುವವರ ಖಾತೆಯಲ್ಲಿ ಕನಿಷ್ಠ 25,000 ಡಾಲರ್ ಇರಬೇಕೆಂದು 2001ರಲ್ಲಿ ನಿಯಮ ಮಾಡಲಾಗಿತ್ತು. ಅಲ್ಪ ಹಣ ಮತ್ತು ಎರವಲು ಬಲ ಇವೆರಡೂ ಕೂಡಿದರೆ ಅಪಾಯವೆಂಬುದನ್ನು ಲೌಕಿಕ ನಿಯಂತ್ರಕರೂ ಕಂಡಿದ್ದರು.

ಕೆಲವು ಆಕ್ಷೇಪಗಳು, ಸಮಾಧಾನ

ಮೊದಲನೆಯ ಆಕ್ಷೇಪ: ಆದಿತೀರ್ಥಂಕರರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಉಪದೇಶಿಸಿದರು, ಇದೂ ಕೊಳ್ಳುವ ಮಾರುವ ಕೆಲಸವಾದುದರಿಂದ ವಾಣಿಜ್ಯವೇ. ಸಮಾಧಾನ: ವಾಣಿಜ್ಯದಲ್ಲಿ ಹೇರಳವಿದ್ದ ಕಡೆಯಿಂದ ಕೊರತೆಯಿದ್ದ ಕಡೆಗೆ ವಸ್ತು ಸಾಗುತ್ತದೆ, ಕೊಂಡವನಿಗೂ ಮಾರಿದವನಿಗೂ ಪ್ರಯೋಜನವಾಗಲು ಸಾಧ್ಯವಿದೆ. ಬೆಲೆಯ ಕ್ಷಣಿಕ ಅಂತರದ ವ್ಯವಹಾರದಲ್ಲಿ ಒಬ್ಬನ ಜೇಬಿಗೆ ಬಂದುದು ಬಹುಮಟ್ಟಿಗೆ ಇನ್ನೊಬ್ಬನ ಜೇಬಿನಿಂದ ಹೋದುದೇ. ನಡುವೆ ಸುಂಕ ಮಾತ್ರ ಸೋರುತ್ತದೆ. ಇಂಥ ವ್ಯಾಪಾರಿಗಳಿರುವುದರಿಂದ ಉಳಿದವರಿಗೆ ಬೇಕೆಂದಾಗ ಕೊಳ್ಳುವವರೂ ಮಾರುವವರೂ ಸಿಗುತ್ತಾರೆಂಬ ಮಾತು ಸತ್ಯವೇ ಆಗಿದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದ್ದರಿಂದ ಈ ವ್ಯಾಪಾರವೆಲ್ಲವೂ ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತವೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಏಕಾಂತವಾದೀತು. ಆದರೆ ಸೋತುದನ್ನು ಮರಳಿ ಪಡೆಯಲೆಂದೇ ಮುಂದಿನ ಆಟವನ್ನು ಆಡುವುದು ದ್ಯೂತದ ಲಕ್ಷಣ. ಆ ಲಕ್ಷಣ ಎಲ್ಲಿ ಕಾಣಿಸುವುದೋ ಅಲ್ಲಿ ಹೆಸರು ಯಾವುದಾದರೂ ವಸ್ತು ಅದೇ.

ಎರಡನೆಯದು: ಕೃಷಿಯಲ್ಲಿ ಅಸಂಖ್ಯ ಜೀವಗಳಿಗೆ ಬಾಧೆಯುಂಟು, ಇಲ್ಲಿ ಒಂದು ಇರುವೆಯೂ ಸಾಯುವುದಿಲ್ಲ. ಸಮಾಧಾನ: ದ್ರವ್ಯಹಿಂಸೆ ಕಡಿಮೆಯಿರುವುದು ನಿಜ. ಆದರೆ ಹಿಂಸೆಯ ಮೂಲ ಪ್ರಮಾದಯೋಗದಲ್ಲಿದೆ. ಮೊದಲು ಮಾರಿ ಬಳಿಕ ಕೊಳ್ಳಲು ಕಾದಿರುವವನು ಬೆಲೆ ಕುಸಿಯಲೆಂದು ಹಾರೈಸುತ್ತಾನೆ. ಒಂದು ಕಾರ್ಖಾನೆಯ ಅನಾಹುತದ ಸುದ್ದಿಯೂ ಆ ಕ್ಷಣದಲ್ಲಿ ಅವನಿಗೆ ಹಿತವಾಗಿ ಕೇಳಿಸೀತು. ಇದು ಅನರ್ಥದಂಡಗಳಲ್ಲಿ ಒಂದಾದ ಅಪಧ್ಯಾನದ ನೆರೆಯಲ್ಲಿರುವುದು. ಬೆಲೆ ಏರಲೆಂಬ ಕಾತರ, ಇಳಿದಾಗಿನ ಸಂಕಟ, ನಾಳಿನ ಲಾಭದ ನಿದಾನ, ಇವೆಲ್ಲ ಆರ್ತಧ್ಯಾನದ ಪ್ರಕಾರಗಳು. ಮಧ್ಯಾಹ್ನದ ಸಾಮಾಯಿಕದ ಹೊತ್ತು ಪೇಟೆ ತೆರೆದಿರುವ ಹೊತ್ತೂ ಆಗಿದೆ. ಕಣ್ಣು ಮುಚ್ಚಿ ಕುಳಿತವನ ಷೇರು ಆಗಿನ್ನೂ ತೀರದೆ ಉಳಿದಿದ್ದರೆ, ಅವನ ಚಿತ್ತ ಯಾವುದರ ಮೇಲಿರುವುದೆಂದು ಅವನೇ ಬಲ್ಲನು.

ಮೂರನೆಯದು: ಅಭ್ಯಾಸದಿಂದ ಸಿದ್ಧಿಯುಂಟು, ಮೊದಲು ಸೋತವನು ಕ್ರಮೇಣ ಕಲಿಯುತ್ತಾನೆ. ಸಮಾಧಾನ: ಬ್ರೆಜಿಲ್ ದೇಶದ ಷೇರು ಸೂಚ್ಯಂಕದ ವಾಯಿದೆ ಪೇಟೆಯಲ್ಲಿ 2013ರಿಂದ 2015ರ ಅವಧಿಯಲ್ಲಿ ದಿನವಹಿ ವ್ಯಾಪಾರ ಆರಂಭಿಸಿದವರನ್ನು ವಿದ್ವಾಂಸರು ಪರಿಶೀಲಿಸಿದರು. ಬಿಡದೆ 300 ದಿನಗಳಿಗಿಂತ ಹೆಚ್ಚು ಕಾಲ ಅಭ್ಯಾಸ ಮಾಡಿದವರಲ್ಲಿ ನೂರಕ್ಕೆ 97 ಮಂದಿ ನಷ್ಟ ಹೊಂದಿದ್ದರು. ಆ ದೇಶದ ಕನಿಷ್ಠ ಕೂಲಿಗಿಂತ ಹೆಚ್ಚು ಗಳಿಸಿದವರು ನೂರಕ್ಕೆ 1.1 ಮಾತ್ರ. ಸಿದ್ಧಿ ಅಸಾಧ್ಯವೆಂದಲ್ಲ. ಆದರೆ ಆ ಅತಿ ಅಲ್ಪಸಂಖ್ಯೆಯಲ್ಲಿ ತಾನೂ ಒಬ್ಬನೆಂದು ಪ್ರತಿಯೊಬ್ಬನೂ ನಂಬುವುದಕ್ಕೆ ಜ್ಞಾನವು ಕಾರಣವಲ್ಲ, ಮಾನಕಷಾಯವೇ ಕಾರಣ.

ನಾಲ್ಕನೆಯದು: ಭಾರತದ ಷೇರುಪೇಟೆಯನ್ನು ಕಟ್ಟಿದವರಲ್ಲಿಯೇ ಜೈನರಿದ್ದರಲ್ಲವೆ? ಹೌದು. 1875ರಲ್ಲಿ ಮುಂಬಯಿಯ ದಲ್ಲಾಳಿಗಳ ಸಂಘವನ್ನು ಸ್ಥಾಪಿಸಿದವರಲ್ಲಿ ಪ್ರೇಮಚಂದ ರಾಯಚಂದರು ಪ್ರಮುಖರು. ಅವರ ಚರಿತ್ರೆಯನ್ನು ಪೂರ್ಣವಾಗಿ ಓದಬೇಕು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ತೊಡಗಿ ಹತ್ತಿಯ ಬೆಲೆ ಏರಿದಾಗ ಮುಂಬಯಿಯಲ್ಲಿ ಷೇರಿನ ಹುಚ್ಚು ಹಬ್ಬಿತು. 1865ರಲ್ಲಿ ಯುದ್ಧ ಮುಗಿದೊಡನೆ ಎಲ್ಲವೂ ಕುಸಿದು ಅಸಂಖ್ಯ ಕುಟುಂಬಗಳು ಹಾಳಾದವು. ಆ ಪೇಟೆಯ ನಾಯಕರಾಗಿದ್ದ ಅವರೂ ಅಪಾರ ನಷ್ಟಕ್ಕೊಳಗಾದರು. 1878ರಲ್ಲಿ ಪೂರ್ಣಗೊಂಡ ರಾಜಾಬಾಯಿ ಗೋಪುರಕ್ಕೆ ಅವರ ದಾನದಿಂದಲೇ ಅವರ ತಾಯಿಯ ಹೆಸರು ಬಂದಿತು. ಕಣ್ಣು ಕಾಣದ ಆ ತಾಯಿಯು ಗೋಪುರದ ಗಂಟೆಯನ್ನು ಕೇಳಿ ಹೊತ್ತನ್ನು ತಿಳಿದು ಸೂರ್ಯಾಸ್ತಕ್ಕೆ ಮೊದಲೇ ಆಹಾರ ಮುಗಿಸುತ್ತಿದ್ದಳೆಂಬ ಪ್ರತೀತಿಯಿದೆ. ಹೊತ್ತಿಗೊಂದು ಎಲ್ಲೆಯಿರಬೇಕೆಂದು ಆ ತಾಯಿಗೆ ತಿಳಿದಿತ್ತು. ಆ ಹುಚ್ಚಿನ ವರ್ಷಗಳಲ್ಲಿ ಮುಂಬಯಿಯ ಪೇಟೆ ಮರೆತದ್ದು ಎಲ್ಲೆಯನ್ನೇ.

ನಿಯಮದ ರೂಪ

ಮೊದಲ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. 50 ಲಕ್ಷದ ಪರಿಮಾಣ ಮಾಡಿಕೊಂಡು 50 ಸಾವಿರದಿಂದ ದಿನವಹಿ ವ್ಯಾಪಾರ ಮಾಡುವವನು ಎಣಿಕೆಯ ಎಲ್ಲೆಯನ್ನು ಮೀರಿಲ್ಲ. ಆದರೆ ಇಚ್ಛೆಗೆ ಅವನು ಎಲ್ಲೆಯನ್ನೇ ಹಾಕಿಲ್ಲ. ಉಪವಾಸದ ದಿನ ಅನ್ನವನ್ನು ಮುಟ್ಟದೆ, ನಾಳಿನ ಪಾರಣೆಯ ಭಕ್ಷ್ಯಗಳನ್ನೇ ಇಡೀ ದಿನ ನೆನೆದವನ ಉಪವಾಸ ಎಂತಹುದೋ ಈ ಪರಿಮಾಣವೂ ಅಂತಹುದು. ಲೆಕ್ಕಕ್ಕೆ ವ್ರತವಿದೆ, ಫಲಕ್ಕಿಲ್ಲ.

ಹಾಗಾದರೂ ಈ ಕೆಲಸಕ್ಕೆ ತೊಡಗಲೇಬೇಕೆಂದು ನಿಶ್ಚಯಿಸಿದವನು, ಅಥವಾ ಈಗಾಗಲೇ ತೊಡಗಿರುವವನು, ಇಚ್ಛಾಪರಿಮಾಣವನ್ನು ಐದು ನಿಯಮಗಳಲ್ಲಿ ಬರೆದು ಸ್ವೀಕರಿಸಬಹುದು. ಒಂದು, ಸಾಲ ತಂದ ಹಣ, ಮಕ್ಕಳ ಶುಲ್ಕ, ಔಷಧಿ, ಮದುವೆ, ಹಿರಿಯರ ವೃದ್ಧಾಪ್ಯಕ್ಕೆಂದು ಇಟ್ಟ ಹಣ ಇದಕ್ಕೆ ಸಲ್ಲದು. ಹೆಂಡತಿಯ ಒಡವೆಯಂತೂ ಸರ್ವಥಾ ಸಲ್ಲದು. ಎರಡು, ದಲ್ಲಾಳಿ ಕೊಡುವ ಎರವಲು ಬಲವನ್ನು ಬಳಸದೆ ತನ್ನ ಹಣದ ಮಟ್ಟಿಗೆ ಮಾತ್ರ ವ್ಯವಹಾರ. ಮೂರು, ವರ್ಷಕ್ಕೆ ಇಷ್ಟು ಎಂದು ಗೊತ್ತುಮಾಡಿದ ಮೊತ್ತ ತೀರಿದರೆ ಆ ವರ್ಷಕ್ಕೆ ನಿಲುಗಡೆ. ತುಂಬಿಕೊಳ್ಳಲೆಂದು ಹೊಸ ಹಣ ಹಾಕತಕ್ಕದ್ದಲ್ಲ. ನಾಲ್ಕು, ದಿನಕ್ಕೆ ಇಷ್ಟೇ ವ್ಯವಹಾರವೆಂಬ ಸಂಖ್ಯೆ. ಅಷ್ಟಮಿ ಚತುರ್ದಶಿಗಳಲ್ಲಿಯೂ ದಶಲಕ್ಷಣ ಪರ್ವದಲ್ಲಿಯೂ ಪೂರ್ಣ ವಿರಾಮ. ಪ್ರೋಷಧೋಪವಾಸದಲ್ಲಿ ಆಹಾರದೊಡನೆ ಆರಂಭವನ್ನೂ ತ್ಯಜಿಸಬೇಕೆಂಬುದು ಶ್ರಾವಕಾಚಾರದ ಮಾತೇ ಆಗಿದೆ. ಐದು, ಇರುವ ಜೀವನೋಪಾಯವನ್ನು ಬಿಡದಿರುವುದು, ಮತ್ತು ತಿಂಗಳಿಗೊಮ್ಮೆ ಲಾಭನಷ್ಟದ ಲೆಕ್ಕವನ್ನು ಮನೆಯವರ ಮುಂದೆ ಇಡುವುದು.

ಈ ಐದರಲ್ಲಿ ಕೊನೆಯದು ಎಲ್ಲಕ್ಕಿಂತ ಕಠಿಣ. ಮೊದಲ ನಷ್ಟವನ್ನು ಬಚ್ಚಿಟ್ಟವನು ಎರಡನೆಯದಕ್ಕೆ ಸುಳ್ಳು ಹೇಳುತ್ತಾನೆ, ಮೂರನೆಯದಕ್ಕೆ ಸಾಲ ಮಾಡುತ್ತಾನೆ, ತೀರಿಸಲಾರದೆ ಮನೆಯ ಹಣಕ್ಕೇ ಕೈಹಾಕುತ್ತಾನೆ. ಐದನೆಯ ಅಣುವ್ರತದಲ್ಲಿ ಬಿದ್ದ ಬಿರುಕು ಹೀಗೆ ಸತ್ಯ, ಅಚೌರ್ಯಗಳವರೆಗೂ ಹಬ್ಬುತ್ತದೆ. ಇನ್ನು, ಈ ಐದು ನಿಯಮಗಳನ್ನೂ ಒಪ್ಪಿದ ಮೇಲೆ ಈ ವ್ಯಾಪಾರದಲ್ಲಿ ಯಾವ ಆಕರ್ಷಣೆಯೂ ಉಳಿಯಲಿಲ್ಲವೆಂದು ಒಬ್ಬನಿಗೆ ತೋರಿದರೆ, ಅವನನ್ನು ಸೆಳೆದಿದ್ದುದು ವ್ಯಾಪಾರವಲ್ಲ, ಎಲ್ಲೆಯಿಲ್ಲದಿರುವಿಕೆಯೇ ಎಂಬುದು ಅವನಿಗೇ ಸ್ಪಷ್ಟವಾಗುವುದು.

ಹಿರಿಯರ ಕರ್ತವ್ಯವೂ ಇಲ್ಲಿ ಅಲ್ಪವಲ್ಲ. ಕಳೆದುಕೊಂಡು ಕುಳಿತ ಮಗನನ್ನು ನಾಲ್ಕು ಜನರ ಮುಂದೆ ಜೂಜುಕೋರನೆಂದು ಹಳಿಯುವುದರಿಂದ ಅವನು ಪೇಟೆಯಿಂದ ಮರಳುವುದಿಲ್ಲ. ಮನೆಯಿಂದ ದೂರವಾಗುತ್ತಾನೆ, ಹತಾಶೆಯ ಘೋರ ಪರಿಣಾಮಗಳಿಗೂ ಈಡಾದಾನು. ಸಮ್ಯಗ್ದರ್ಶನದ ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣಗಳೆಂಬ ಎರಡು ಇರುವುದು ಇಂಥ ಸಂದರ್ಭಕ್ಕಾಗಿಯೇ. ಬ್ರಹ್ಮಚಾರಿಯ ವೇಷದಲ್ಲಿ ಬಂದು ರತ್ನವನ್ನು ಕದ್ದವನನ್ನು ಜಿನೇಂದ್ರಭಕ್ತ ಶ್ರೇಷ್ಠಿಯು ಜನರೆದುರು, ತನ್ನ ಮಾತಿನಂತೆಯೇ ತಂದನೆಂದು ಹೇಳಿ ಧರ್ಮದ ಮಾನವನ್ನು ಉಳಿಸಿದನು. ಆದರೆ ಏಕಾಂತದಲ್ಲಿ ಅವನ ತಪ್ಪನ್ನು ಮನ್ನಿಸಿ ಸುಮ್ಮನಾಗಲಿಲ್ಲ. ಜಾರಿದ ಮಿತ್ರನನ್ನು ವಾರಿಷೇಣನು ತೊರೆಯದೆ ಕೈಹಿಡಿದು ಮತ್ತೆ ನಿಲ್ಲಿಸಿದನು. ಮನೆಯ ಹಿರಿಯರೂ ಬೀದಿಯಲ್ಲಿ ಮುಚ್ಚಬೇಕು, ಮನೆಯೊಳಗೆ ಬಿಚ್ಚಬೇಕು. ಬಾಗಿಲು ಹಾಕಿ, ಎಷ್ಟು ಹೋಯಿತು, ಯಾರಿಗೆ ಎಷ್ಟು ಕೊಡಬೇಕು ಎಂದು ಪೂರ್ಣ ಲೆಕ್ಕವನ್ನು ಕೇಳಿ, ಸಾಲ ತೀರಿಸುವ ಕ್ರಮವನ್ನು ಒಟ್ಟಿಗೆ ಕುಳಿತು ಗೊತ್ತುಮಾಡಿ, ಅದೇ ದಿನ ಆ ಖಾತೆಯನ್ನು ನಿಲ್ಲಿಸುವ ಸಂಕಲ್ಪವನ್ನು ಅವನಿಂದಲೇ ಹೇಳಿಸಬೇಕು. ಹೋದ ಹಣವನ್ನು ಅಲ್ಲಿಯೇ ಗೆದ್ದು ತರುತ್ತೇನೆಂಬ ಮಾತಿಗೆ ಮಾತ್ರ ಯಾರೂ ಒಪ್ಪಿಗೆ ಕೊಡಬಾರದು.

ಚಾತುರ್ಮಾಸದಲ್ಲಿಯೋ ಪರ್ವದಿನಗಳಲ್ಲಿಯೋ ಅನೇಕರು ತಮ್ಮ ಪರಿಮಾಣದ ಪಟ್ಟಿಯನ್ನು ನವೀಕರಿಸುವುದುಂಟು. ಹೊಲ, ಮನೆ, ಬಂಗಾರ, ನಗದುಗಳ ಕೆಳಗೆ ಇನ್ನೊಂದು ಸಾಲನ್ನು ಸೇರಿಸಲು ಕಷ್ಟವೇನೂ ಇಲ್ಲ: ವರ್ಷವೊಂದರಲ್ಲಿ ಅನಿಶ್ಚಿತ ಲಾಭದ ಆಸೆಗೆ ಒಡ್ಡಬಹುದಾದ ಹಣ ಇಷ್ಟು, ಅದರಾಚೆ ಇಲ್ಲ. ಅಲ್ಲಿ ಶೂನ್ಯವೆಂದು ಬರೆಯಬಲ್ಲವನು ಧನ್ಯ. ಅಷ್ಟು ಸಾಧ್ಯವಾಗದವನು ಒಂದು ಸಣ್ಣ ಅಂಕೆಯನ್ನು ಬರೆದು, ಅದನ್ನು ಮನೆಯವರಿಗೆ ಓದಿಹೇಳಿ, ಆ ಅಂಕೆಯಲ್ಲಿ ನಿಂತರೂ ವ್ರತವು ನಿಂತಂತೆಯೇ.